ಮೈಸೂರು ಒಂದೇ ಜಿಲ್ಲೆ ಯಾಕೆ ಬಂದ್? ತೆರೆಯುವ ಲೆಕ್ಕ ಯಾರ ಕೈಯಲ್ಲಿದೆ?

ಸೂಜಿದಾರ_ಮೈಸೂರು
20 ಜೂನ್ 2021, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಹನ್ನೊಂದು ವರ್ಷವಾಯಿತು. ನನ್ನ ಜೊತೆ ಇನ್ನಿಬ್ಬರು ಹುಡುಗಿಯರು ಕೆಲಸ ಮಾಡುತ್ತಾರೆ. ಒಬ್ಬಳು ಫಾಲ್, ಹೆಮ್ಮಿಂಗ್ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ಕಟಿಂಗ್ ಕಲಿಯುತ್ತಿದ್ದಾಳೆ. ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ಅಂತ ಏಪ್ರಿಲ್ ಕೊನೇ ವಾರ ಷಟರ್ ಎಳೆದಿದ್ದು, ಇವತ್ತಿಗೂ ಎತ್ತಿಲ್ಲ. ಮದುವೆ ಸೀಸನ್ ಹೋಯಿತು, ಶಾಲೆ ಯೂನಿಫಾರ್ಮ್ ಕಳೆದ ವರ್ಷವೂ ಇಲ್ಲ, ಈ ವರ್ಷವೂ ಇಲ್ಲ.

ನಿನ್ನೆ ಮುಖ್ಯಮಂತ್ರಿಗಳು ಹೇಳಿದ್ದನ್ನು ಎಲ್ಲರೂ ಕೇಳಿರುತ್ತೀರಿ. ಕೋವಿಡ್ ಟೆಸ್ಟಿನ ಪಾಸಿಟಿವಿಟಿ ಶೇ. 5ಕ್ಕಿಂತ ಕಡಿಮೆ ಇರುವ 16 ಜಿಲ್ಲೆಗಳಲ್ಲಿ ನಾಳೆಯಿಂದ ಸಂಜೆ 5ರವರೆಗೆ ಅಂಗಡಿ ತೆರೆಯಬಹುದು, ಬಸ್ಸು ಅರ್ಧ ಸೀಟಿಗೆ ಓಡುತ್ತದೆ, ಹೋಟೆಲಿನಲ್ಲಿ ಕೂತು ಊಟ ಮಾಡಬಹುದು. 5ರಿಂದ 10ರ ಒಳಗೆ ಇರುವ 13 ಜಿಲ್ಲೆಗಳಿಗೆ ಜೂನ್ 14ರ ರಿಯಾಯಿತಿ ಮಾತ್ರ, ಅಂದರೆ ಅಗತ್ಯ ವಸ್ತುಗಳ ಅಂಗಡಿ ಮಧ್ಯಾಹ್ನ 2ರವರೆಗೆ. 10ರ ಮೇಲಿರುವುದು ಒಂದೇ ಒಂದು ಜಿಲ್ಲೆ. ನಮ್ಮದು.

ಕಾಯಿಲೆ ಏನು ಅಂತ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲೇ ಇಬ್ಬರು ಹೋದರು. ಅದರಲ್ಲಿ ಒಬ್ಬರು ನನ್ನ ಮೊದಲನೇ ಗಿರಾಕಿ, ಅಂಗಡಿ ಪೂಜೆ ದಿನವೇ ಬಟ್ಟೆ ತಂದುಕೊಟ್ಟು ಕೈ ತುಂಬಿಸಿದವರು. ಹಾಗಾಗಿ ನಾಳೆಯೇ ಎಲ್ಲ ತೆರೆದುಬಿಡಿ ಅಂತ ಕೇಳುತ್ತಿಲ್ಲ. ನನಗೆ ತಿಳಿಯಬೇಕಾದದ್ದು ಬೇರೆ. ಈ ಶೇಕಡಾ ಲೆಕ್ಕವನ್ನು ಯಾರು ಹಾಕುತ್ತಾರೆ? ಎಚ್.ಡಿ. ಕೋಟೆ ಕಾಡಂಚಿನ ಹಳ್ಳಿಗೂ ದೇವರಾಜ ಮಾರ್ಕೆಟ್ ಇರುವ ಊರಿಗೂ ಒಂದೇ ನಿಯಮ ಯಾಕೆ? ಎಷ್ಟಕ್ಕೆ ಇಳಿದರೆ, ಎಷ್ಟು ದಿನ ಹಾಗೇ ಇದ್ದರೆ ನನ್ನ ಥರದ ಅಂಗಡಿ ತೆರೆಯಬಹುದು ಅಂತ ಯಾರಾದರೂ ಒಂದು ಕಾಗದದಲ್ಲಿ ಬರೆದು ಅಂಟಿಸಿದ್ದಾರಾ? ಹುಡುಗಿಯರು ದಿನಾ ಫೋನ್ ಮಾಡಿ "ಅಕ್ಕ, ಯಾವಾಗ ಬರಲಿ" ಅಂತ ಕೇಳುತ್ತಾರೆ. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ದರ್ಜಿಗಳಿಗೆ 2,000 ರೂಪಾಯಿ ಅಂತ ಸರ್ಕಾರದ ಮೇ 19ರ ಪರಿಹಾರ ಪ್ಯಾಕೇಜಿನಲ್ಲಿ ಹೇಳಿದ್ದರು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಬಂದರೂ ಅದು ಅಂಗಡಿ ಬಾಡಿಗೆಗೆ ಸಾಲದು.

ಪಟ್ಟಣದ_ಹುಡುಗ
20 ಜೂನ್, ರಾತ್ರಿ 10:15

ಅಕ್ಕ, ನಾನು ಶ್ರೀರಂಗಪಟ್ಟಣದವನು. ನಿಮ್ಮಿಂದ 15 ಕಿಲೋಮೀಟರ್ ಆಚೆ, ಆದರೆ ಮಂಡ್ಯ ಜಿಲ್ಲೆ. ಹತ್ತು ದಿನದ ಹಿಂದೆ ಬಂದ್ ಮುಂದುವರಿಸಿದ 11 ಜಿಲ್ಲೆಗಳ ಪಟ್ಟಿಯಲ್ಲಿ ಮಂಡ್ಯವೂ ಇತ್ತು, ಮೈಸೂರೂ ಇತ್ತು. ಈಗ ನಾವು 5ಕ್ಕಿಂತ ಕಡಿಮೆ ಇರುವವರ ಸಾಲಿಗೆ ಹೋಗಿದ್ದೇವೆ. ಬೆಳಗಾವಿಯೂ ಹಾಗೇ. ಒಂದೇ ವಾರದಲ್ಲಿ ಇಷ್ಟು ಇಳಿಯಿತಾ ಅಂತ ನಮಗೇ ಆಶ್ಚರ್ಯ.

ನಾಳೆ ಏನಾಗುತ್ತದೆ ಅಂತ ಈಗಲೇ ಹೇಳುತ್ತೇನೆ. ಮೈಸೂರಿನವರು ಬೈಕ್ ಹತ್ತಿ ನಮ್ಮೂರಿಗೆ ಬರುತ್ತಾರೆ. ಮೊಬೈಲ್ ರಿಪೇರಿಗೆ, ಬಟ್ಟೆಗೆ, ಚಪ್ಪಲಿಗೆ, ಎಲ್ಲಕ್ಕೂ. ಅವರನ್ನು ಬೈಯುತ್ತಿಲ್ಲ, ಎರಡು ತಿಂಗಳಿಂದ ಕಾದವರು ಇನ್ನೇನು ಮಾಡುತ್ತಾರೆ. ನಾನೂ ಕೆಲಸಕ್ಕೆ ಮೈಸೂರಿನ ಮೇಟಗಳ್ಳಿಗೇ ಬರುವವನು. ಮೈಸೂರು ಮುಚ್ಚಿಟ್ಟು ಪಕ್ಕದ ಊರು ತೆರೆದರೆ ಜನ ಕಡಿಮೆ ಓಡಾಡುವುದಿಲ್ಲ, ಜಾಸ್ತಿ ದೂರ ಓಡಾಡುತ್ತಾರೆ. ಇಬ್ಬರು ಡಿಸಿಗಳು ಕೂತು ಗಡಿಯ ಹಳ್ಳಿಗಳಿಗೆ ಒಂದು ಲೆಕ್ಕ ಮಾಡಬಹುದಿತ್ತು, ಅಲ್ವಾ?

ಆಸ್ಪತ್ರೆ_ಡ್ಯೂಟಿ
21 ಜೂನ್, ಬೆಳಿಗ್ಗೆ 6:50

ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದೆ. ಅಕ್ಕ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಅಮ್ಮನೂ ಮಷಿನ್ ತುಳಿದೇ ನನ್ನನ್ನು ಓದಿಸಿದ್ದು. ಆದರೆ ಮೈಸೂರು ಇನ್ನೂ ಎರಡು ವಾರ ಮುಚ್ಚಿರಲಿ ಅನ್ನುವ ಕಡೆಗೇ ನನ್ನ ಮತ. ಯಾಕೆ ಅಂತ ಹೇಳುತ್ತೇನೆ.

ಮೇ ತಿಂಗಳ ಮೊದಲ ಮೂರು ವಾರ ನಾವು ವಾರ್ಡಿನಲ್ಲಿ ಏನು ನೋಡಿದೆವು ಅನ್ನುವುದನ್ನು ಇಲ್ಲಿ ಬರೆಯಲಾರೆ. ಪಕ್ಕದ ಚಾಮರಾಜನಗರದಲ್ಲಿ ಒಂದೇ ದಿನದೊಳಗೆ 24 ಜನ ಹೋದರಲ್ಲ, ಆ ವಾರ ಆಕ್ಸಿಜನ್ ಮೀಟರಿನ ಮುಳ್ಳು ನೋಡುತ್ತಾ ಇಡೀ ರಾತ್ರಿ ಕಳೆದಿದ್ದೇವೆ.

ಈಗ ಬೆಡ್ ಖಾಲಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಖಾಲಿ ಇದೆ. ಆದರೆ ಇವತ್ತಿನ ಬೆಡ್ ತೋರಿಸುವುದು ಹತ್ತು ಹದಿನೈದು ದಿನ ಹಿಂದಿನ ಊರನ್ನು. ಸೋಂಕು ತಗುಲಿ ಐದಾರು ದಿನಕ್ಕೆ ಜ್ವರ, ಉಸಿರಾಟ ಕೆಡುವುದು ಇನ್ನೊಂದು ವಾರಕ್ಕೆ, ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ಅಂದರೆ ಇವತ್ತು ತೆರೆದಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗುವುದು ಜುಲೈ ಮೊದಲ ವಾರದಲ್ಲಿ. ಸರ್ಕಾರ ಜೂನ್ 14ಕ್ಕೆ ಒಂದು ಹೆಜ್ಜೆ ಇಟ್ಟಿತು, 21ಕ್ಕೆ ಇನ್ನೊಂದು. ಮೊದಲನೇ ಹೆಜ್ಜೆಯ ಫಲ ಕಾಣುವ ಮುಂಚೆಯೇ ಎರಡನೆಯದು. ನನಗೆ ಭಯ ಇರುವುದು ಇದರ ಬಗ್ಗೆ, ನಿಮ್ಮ ಅಂಗಡಿ ಬಗ್ಗೆ ಅಲ್ಲ. ಒಂದು ಸಲ ಸ್ವಲ್ಪ ತೆರೆಯಿರಿ, ಎರಡು ವಾರ ಕಾಯಿರಿ, ನೋಡಿ, ಆಮೇಲೆ ಇನ್ನಷ್ಟು. ಹೀಗೆ ಮಾಡಿದ್ದರೆ ಯಾರಿಗೂ ಗೊಂದಲ ಇರುತ್ತಿರಲಿಲ್ಲ.

ಲೆಕ್ಕದ_ಮೇಷ್ಟ್ರು
21 ಜೂನ್, ಬೆಳಿಗ್ಗೆ 11:20

ನಾನು ತುಮಕೂರು ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಪಾಸಿಟಿವಿಟಿ ವಿಚಾರ ಎಲ್ಲರ ಬಾಯಲ್ಲೂ ಇದೆ, ಅದು ಹೇಗೆ ಬರುತ್ತದೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುತ್ತಿಲ್ಲ.

ಲೆಕ್ಕ ಸುಲಭ. ಎಷ್ಟು ಜನಕ್ಕೆ ಟೆಸ್ಟ್ ಮಾಡಿದರು, ಅದರಲ್ಲಿ ನೂರಕ್ಕೆ ಎಷ್ಟು ಪಾಸಿಟಿವ್. ಒಂದು ಜಿಲ್ಲೆಯಲ್ಲಿ 1,000 ಟೆಸ್ಟ್ ಮಾಡಿ 120 ಪಾಸಿಟಿವ್ ಬಂದರೆ ಶೇ. 12. ಆ ಜಿಲ್ಲೆ ಬಂದ್. ಈಗ ಅದೇ ದಿನ ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ ಏನೂ ತೊಂದರೆ ಇಲ್ಲದ ಇನ್ನೂ 1,000 ಜನರನ್ನು ನಿಲ್ಲಿಸಿ ಮೂಗಿಗೆ ಕಡ್ಡಿ ಹಾಕಿದರು ಅಂದುಕೊಳ್ಳಿ. ಅವರಲ್ಲಿ 20 ಪಾಸಿಟಿವ್. ಒಟ್ಟು 2,000ಕ್ಕೆ 140, ಅಂದರೆ ಶೇ. 7. ಜಿಲ್ಲೆ ತೆರೆಯಿತು! ಕಾಯಿಲೆ ಒಂದು ಚೂರೂ ಕಡಿಮೆಯಾಗಿಲ್ಲ, ಇನ್ನೂ 20 ಜನ ಜಾಸ್ತಿಯೇ ಸಿಕ್ಕಿದ್ದಾರೆ.

ಇದು ತಿರುಗಿಯೂ ಆಗುತ್ತದೆ. ಜ್ವರ ಇದ್ದವರು, ಅವರ ಮನೆಯವರು, ಅವರ ಜೊತೆ ಕೆಲಸ ಮಾಡಿದವರು, ಹೀಗೆ ಹುಡುಕಿ ಹುಡುಕಿ ಟೆಸ್ಟ್ ಮಾಡುವ ಕಡೆ ಶೇಕಡಾ ಮೇಲೇ ಇರುತ್ತದೆ. ಅವರು ಕೆಲಸ ಸರಿಯಾಗಿ ಮಾಡಿದ್ದಕ್ಕೇ ಅವರ ಊರು ಬಂದ್. ಮೈಸೂರಿನಲ್ಲಿ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ಸಂಖ್ಯೆ ಹಿಡಿದು ಲಕ್ಷಾಂತರ ಜನರ ಬಾಗಿಲು ಹಾಕುವಾಗ ಅದರ ಪಕ್ಕದಲ್ಲಿ ಇನ್ನೂ ಮೂರು ಸಂಖ್ಯೆ ಇರಬೇಕು. ಸಾವಿರ ಜನಸಂಖ್ಯೆಗೆ ಎಷ್ಟು ಟೆಸ್ಟ್, ಆಕ್ಸಿಜನ್ ಬೆಡ್‌ನಲ್ಲಿ ಎಷ್ಟು ಜನ, ಈ ವಾರ ಹೊಸದಾಗಿ ಎಷ್ಟು ಹಳ್ಳಿಗೆ ಅಥವಾ ವಾರ್ಡಿಗೆ ಹಬ್ಬಿದೆ.

ಶೇ. 5 ಅನ್ನುವುದು ಸುಮ್ನೆ ಬಂದಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ, ತೆರೆಯುವ ಮುಂಚೆ ಎರಡು ವಾರ ಶೇ. 5ರ ಕೆಳಗೆ ಇರಬೇಕು ಅಂತ ಹೇಳಿತ್ತು. ಶೇ. 10 ದಾಟಿದ ಜಿಲ್ಲೆಗಳನ್ನು ಆರರಿಂದ ಎಂಟು ವಾರ ಮುಚ್ಚಿಡಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥ ಬಲರಾಮ್ ಭಾರ್ಗವ ಹೋದ ತಿಂಗಳು ಹೇಳಿದ್ದರು. ಅವೆರಡೂ ಒಂದು ಮಟ್ಟಿಗೆ ಸರಿಯೇ. ಆದರೆ "ಎರಡು ವಾರ" ಅನ್ನುವ ಮಾತು ನಮ್ಮ ಆದೇಶ ಬರುವಷ್ಟರಲ್ಲಿ ಉದುರಿಹೋಗಿದೆ. ಮೇಲೆ ಆಸ್ಪತ್ರೆಯ ತಂಗಿ ಹೇಳಿದ್ದೂ ಅದನ್ನೇ.

ಸೂಜಿದಾರ_ಮೈಸೂರು
21 ಜೂನ್, ಮಧ್ಯಾಹ್ನ 1:05

ಮೇಷ್ಟ್ರೇ, ಈಗ ಅರ್ಥವಾಯಿತು. ಇಷ್ಟು ದಿನ ನಾವೇ ಏನೋ ತಪ್ಪು ಮಾಡಿದ್ದೇವೆ, ಅದಕ್ಕೇ ಶಿಕ್ಷೆ ಅಂತ ಅನ್ನಿಸುತ್ತಿತ್ತು.

ಆಸ್ಪತ್ರೆಯವರೇ, ನೀವು ಹೇಳಿದ್ದಕ್ಕೆ ಬೇಜಾರಿಲ್ಲ. ಎರಡು ವಾರ ಅಂತ ಯಾರಾದರೂ ಮುಖಕ್ಕೆ ಹೇಳಿದ್ದರೆ ಎರಡು ವಾರ ಕಾಯುತ್ತೇನೆ. ಏಳೇಳು ದಿನ ಅಂತ ಮುಂದೆ ತಳ್ಳುತ್ತಾ ಎರಡು ತಿಂಗಳು ಆಯಿತಲ್ಲ, ಸುಸ್ತಾಗಿರುವುದು ಅದರಿಂದ.

ಕೋಟೆ_ಪಂಚಾಯ್ತಿ
21 ಜೂನ್, ರಾತ್ರಿ 8:30

ಎಚ್.ಡಿ. ಕೋಟೆ ಹೆಸರು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಇಲ್ಲಿ ಗ್ರಾಮ ಪಂಚಾಯ್ತಿ ಸದಸ್ಯ. ಹೋದ ಡಿಸೆಂಬರ್ 22 ಮತ್ತು 27ಕ್ಕೆ ರಾಜ್ಯದಲ್ಲಿ ಪಂಚಾಯ್ತಿ ಚುನಾವಣೆ ಆಯಿತಲ್ಲ, ಆಗ ಗೆದ್ದವನು. ಮೊದಲನೇ ಸಲ. ಕೆಲಸ ಕಲಿಯುವ ಮುಂಚೆಯೇ ಎರಡನೇ ಅಲೆ ಬಂತು.

ನಮ್ಮ ಪಂಚಾಯ್ತಿಯಲ್ಲಿ ಹಳ್ಳಿಯೂ ಇದೆ, ಬುಡಕಟ್ಟಿನವರ ಹಾಡಿಯೂ ಇದೆ. ಟಾಸ್ಕ್ ಫೋರ್ಸ್ ಅಂತ ಮಾಡಿದರು. ಪಿಡಿಒ, ಆಶಾ ಅಕ್ಕಂದಿರು, ಅಂಗನವಾಡಿ ಟೀಚರ್, ನಾವು ಸದಸ್ಯರು. ಯಾವ ಮನೆಯಲ್ಲಿ ಯಾರಿಗೆ ಜ್ವರ, ಯಾರು ಬೆಂಗಳೂರಿನಿಂದ ವಾಪಸ್ ಬಂದರು, ಯಾರ ಮನೆಯಲ್ಲಿ ಒಂದೇ ಬಚ್ಚಲು, ಯಾರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಬಂದರು, ಎಲ್ಲ ನಮ್ಮ ಆಶಾ ಅಕ್ಕನ ಬಾಯಲ್ಲಿದೆ. ಅವರ ಪುಸ್ತಕ ತೆಗೆದರೆ ಜಿಲ್ಲೆಯ ಯಾವ ಕಂಪ್ಯೂಟರಿಗೂ ಗೊತ್ತಿಲ್ಲದ ವಿಷಯ ಅಲ್ಲಿ ಇರುತ್ತದೆ.

ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಹೋಂ ಐಸೊಲೇಷನ್ ಬೇಡ, ಪಾಸಿಟಿವ್ ಬಂದವರನ್ನು ಕೋವಿಡ್ ಕೇರ್ ಸೆಂಟರಿಗೇ ಕಳಿಸಬೇಕು ಅಂತ ಬಂತು. ಉದ್ದೇಶ ಒಳ್ಳೆಯದೇ, ಒಂದೇ ಕೋಣೆಯ ಮನೆಯಲ್ಲಿ ಯಾರನ್ನು ಎಲ್ಲಿ ಬೇರೆ ಇಡುತ್ತೀರಿ. ಆದರೆ ಹಾಡಿಯಲ್ಲಿ ಅದರ ಅರ್ಥ ಬೇರೆ ಆಯಿತು. ವ್ಯಾನ್ ಬಂದರೆ ಜನ ಕಾಡಿನ ಕಡೆ ಹೋಗಿ ಕೂರುತ್ತಿದ್ದರು. ಕರೆದುಕೊಂಡು ಹೋದರೆ ವಾಪಸ್ ಬರುವುದಿಲ್ಲ ಅನ್ನುವ ಭಯ. ದನ, ಕೋಳಿ ನೋಡುವವರು ಯಾರು ಅನ್ನುವ ಚಿಂತೆ. ಆಮೇಲೆ "ವೈದ್ಯರ ನಡೆ ಹಳ್ಳಿ ಕಡೆ" ಅಂತ ಡಾಕ್ಟರುಗಳು ಊರೊಳಗೇ ಬರುವುದಕ್ಕೆ ಶುರು ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು. ನಮ್ಮ ಆಶಾ ಅಕ್ಕ ಹಾಡಿಯ ಒಬ್ಬ ಅಜ್ಜಿಯ ಪಕ್ಕ ಕೂತು ತಾನೇ ಮೊದಲು ಟೆಸ್ಟ್ ಮಾಡಿಸಿಕೊಂಡರು. ಆ ದಿನ ಇಪ್ಪತ್ತು ಜನ ಮುಂದೆ ಬಂದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮುಚ್ಚುವಾಗ ನಮ್ಮನ್ನು ಕರೆಯುತ್ತಾರೆ. ರಸ್ತೆಗೆ ಮುಳ್ಳು ಹಾಕಿ, ಸಂತೆ ನಿಲ್ಲಿಸಿ, ಜಾತ್ರೆ ಬೇಡ ಅನ್ನಿ, ಮದುವೆ ಮನೆಗೆ ಹೋಗಿ ತಲೆ ಎಣಿಸಿ. ತೆರೆಯುವ ವಿಷಯಕ್ಕೆ ಒಂದು ದಿನವೂ ನಮ್ಮನ್ನು ಕೇಳಿಲ್ಲ. ಮೂರು ವಾರದಿಂದ ಒಂದೂ ಹೊಸ ಜ್ವರ ಇಲ್ಲದ ಹಳ್ಳಿ ನಮ್ಮಲ್ಲಿದೆ. ಅಲ್ಲಿ ಕ್ಷೌರದ ಅಂಗಡಿಯವನೂ ಮುಚ್ಚಿದ್ದಾನೆ, ಸೈಕಲ್ ಪಂಕ್ಚರ್ ಹಾಕುವವನೂ ಮುಚ್ಚಿದ್ದಾನೆ. ಯಾರನ್ನು ಯಾರಿಂದ ಕಾಪಾಡುತ್ತಿದ್ದೇವೆ ಅಂತ ಅವರು ಕೇಳಿದರೆ ನಾನು ಏನು ಹೇಳಲಿ?

ಕುಂದಾಪ್ರದ_ಮಾಣಿ
21 ಜೂನ್, ರಾತ್ರಿ 9:55

ನಮ್ಮ ಉಡುಪಿ ಜಿಲ್ಲೆಯಲ್ಲಿ ಈ ತಿಂಗಳ ಮೊದಲ ವಾರ ಇಂಥದ್ದೇ ಒಂದು ಪ್ರಯತ್ನ ನಡೆಯಿತು. ಸಕ್ರಿಯ ಪ್ರಕರಣ 50 ದಾಟಿದ ಗ್ರಾಮ ಪಂಚಾಯ್ತಿಗಳನ್ನು ಮಾತ್ರ ಐದು ದಿನ ಪೂರ್ತಿ ಬಂದ್ ಮಾಡಿದರು. ಉಳಿದ ಪಂಚಾಯ್ತಿಗಳಿಗೆ ಮಾಮೂಲಿ ನಿಯಮ. ಪಂಚಾಯ್ತಿ ಮಟ್ಟದಲ್ಲಿ ಲೆಕ್ಕ ಇಡುವುದು ಆಗುವ ಕೆಲಸವೇ ಅನ್ನುವುದಕ್ಕೆ ಇದು ಸಾಕ್ಷಿ.

ಒಂದು ಕೊರತೆಯನ್ನೂ ಹೇಳಬೇಕು. 50 ಅನ್ನುವುದು ಎಲ್ಲರಿಗೂ ಒಂದೇ ಗೆರೆ. ದೊಡ್ಡ ಪಂಚಾಯ್ತಿಗೂ ಅಷ್ಟೇ, ಸಣ್ಣದಕ್ಕೂ ಅಷ್ಟೇ. ಸಣ್ಣ ಪಂಚಾಯ್ತಿಯಲ್ಲಿ 40 ಇದ್ದರೆ ಅದು ತುಂಬಾ ಜಾಸ್ತಿ, ಆದರೆ ತೆರೆದಿರುತ್ತದೆ. ಜನಸಂಖ್ಯೆಗೆ ತಕ್ಕಂತೆ ಗೆರೆ ಹಾಕಬೇಕಿತ್ತು. ಮತ್ತೆ ನಮ್ಮ ಕಡೆ ಈಗ ಮಳೆಗಾಲ, ಜೂನ್ 1ರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಅದರಿಂದ ಬಂದರಿನ ಜನಸಂದಣಿ ತಾನಾಗಿಯೇ ಇಲ್ಲ. ಬೇರೆ ಜಿಲ್ಲೆಯಲ್ಲಿ ಇಷ್ಟು ಸುಲಭ ಆಗಲಿಕ್ಕಿಲ್ಲ.

ಪೀಣ್ಯ_ಶಿಫ್ಟ್
22 ಜೂನ್, ಬೆಳಿಗ್ಗೆ 5:40

ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ನಮ್ಮದು ಬೆಂಗಳೂರು. ನೀವೆಲ್ಲ ತೆರೆದರೆ ಸಾಕು ಅನ್ನುತ್ತಿದ್ದೀರಿ. ತೆರೆದ ಮೇಲೆ ಏನಾಯಿತು ಅಂತ ನಾನು ಹೇಳುತ್ತೇನೆ.

ಜೂನ್ 14ರಿಂದ ಕಾರ್ಖಾನೆ ಅರ್ಧ ಜನ, ಗಾರ್ಮೆಂಟ್ಸ್ ಶೇ. 30 ಜನ ಇಟ್ಟುಕೊಂಡು ಶುರು ಮಾಡಬಹುದು ಅಂತ ಬಂತು. ಬಸ್ ಮಾತ್ರ ಇಲ್ಲ! ಬಸ್ ಶುರುವಾಗಿದ್ದು ನಿನ್ನೆ. ಆ ಒಂದು ವಾರ ನಾವು ಹೇಗೆ ಹೋಗಬೇಕಿತ್ತು? ಆಟೋದಲ್ಲಿ ಇಬ್ಬರೇ ಕೂರಬೇಕು ಅಂತ ನಿಯಮ. ಇಬ್ಬರೇ ದುಡ್ಡು ಕೊಟ್ಟರೆ ದಿನದ ಕೂಲಿಯಲ್ಲಿ ಉಳಿಯುವುದು ಏನು. ನಾನು, ನನ್ನ ಪಕ್ಕದ ಮನೆಯವಳು ಲಗ್ಗೆರೆಯಿಂದ ನಡೆದೇ ಹೋದೆವು. ದೂರದವರು ಗೂಡ್ಸ್ ಗಾಡಿಯ ಹಿಂದೆ ನಿಂತುಕೊಂಡು ಬಂದರು, ಒಬ್ಬರ ಮೇಲೆ ಒಬ್ಬರು. ಅದರಲ್ಲಿ ಎಲ್ಲಿಯ ಅಂತರ? ಶಿಫ್ಟ್ ಸಂಜೆ ಬಿಡುವ ಹೊತ್ತಿಗೆ 7 ಗಂಟೆಯ ಕರ್ಫ್ಯೂ ಭಯ, ಓಡಿ ಓಡಿ ಮನೆ ಸೇರುವುದು.

ಕಾರ್ಖಾನೆ ತೆರೆಯಬೇಕು ಅಂತ ಬರೆದವರು, ಬಸ್ ಯಾವಾಗ ಅಂತ ಬರೆದವರು, ಮಕ್ಕಳನ್ನು ಬಿಟ್ಟು ಬರುವ ಅಂಗನವಾಡಿ ಯಾವಾಗ ಅಂತ ಬರೆಯಬೇಕಾದವರು, ಎಲ್ಲ ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದರು ಅನ್ನಿಸುತ್ತದೆ. ಒಂದು ಕೆಲಸಕ್ಕೆ ಹೋಗುವ ಹೆಂಗಸಿನ ಒಂದು ದಿನವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ಸಲ ಬರೆದು ನೋಡಿದ್ದರೆ ಸಾಕಿತ್ತು. ಬಸ್ ಬಂತು, ಹೋಗುತ್ತೇನೆ.

ಹಳೇ_ಗುಮಾಸ್ತ
22 ಜೂನ್, ಬೆಳಿಗ್ಗೆ 10:10

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. "ಯಾರ ಕೈಯಲ್ಲಿದೆ" ಅಂತ ಆ ತಾಯಿ ಕೇಳಿದ್ದಾರೆ. ಅದಕ್ಕೆ ನೇರ ಉತ್ತರ ಕೊಡುತ್ತೇನೆ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇದೆ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು ಅದರ ಸಹ-ಅಧ್ಯಕ್ಷರು. ಅಂದರೆ ಜನ ಆರಿಸಿದ ಒಬ್ಬರು ಡಿಸಿ ಪಕ್ಕದಲ್ಲಿ ಕೂರಲಿ ಅಂತ ಕಾಯ್ದೆ ಬರೆದವರ ಮನಸ್ಸಿನಲ್ಲೇ ಇತ್ತು. ಆದರೆ ಈಗ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದಿದೆ, ಚುನಾವಣೆ ಆಗಿಲ್ಲ, ಆ ಕುರ್ಚಿ ಖಾಲಿ. ಬೆಂಗಳೂರಿನಲ್ಲಿ ಬಿಬಿಎಂಪಿಯ 198 ವಾರ್ಡಿಗೂ ಕಳೆದ ಸೆಪ್ಟೆಂಬರ್ 10ರಿಂದ ಕಾರ್ಪೊರೇಟರ್ ಇಲ್ಲ, ಆಡಳಿತಾಧಿಕಾರಿ ಇದ್ದಾರೆ. ಎರಡನೇ ಅಲೆಯಲ್ಲಿ ಬೆಡ್ ಬೇಕಾದವನು ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಮೈಸೂರಿನಲ್ಲಿ ಹಾಗಿಲ್ಲ. 65 ವಾರ್ಡ್, 65 ಜನಕ್ಕೆ ಕಾರ್ಪೊರೇಟರ್ ಸ್ಥಾನ ಇದೆ. ಹಳ್ಳಿಗಳಲ್ಲಿ ಹೊಸದಾಗಿ ಗೆದ್ದ ಪಂಚಾಯ್ತಿ ಸದಸ್ಯರಿದ್ದಾರೆ. ಕೇಳಬೇಕು ಅನ್ನುವ ಮನಸ್ಸಿದ್ದರೆ ಕೇಳುವುದಕ್ಕೆ ಜನ ಇದ್ದಾರೆ. ಕೊನೇ ಸಹಿ ಡಿಸಿಯದೇ ಇರಲಿ, ನನ್ನ ತಕರಾರಿಲ್ಲ. ಸಹಿಗೆ ಮುಂಚಿನ ಮಾತು ಬೇಕು.

ಬೆಳಗಾವಿ_ಕಡೆಯವ
22 ಜೂನ್, ಮಧ್ಯಾಹ್ನ 3:30

ಎಲ್ಲಾರೂ ಪಂಚಾಯ್ತಿ, ವಾರ್ಡ್ ಅನ್ನಾಕತ್ತೀರಿ. ನಾ ಸ್ವಲ್ಪ ಬೇರೆ ಹೇಳತೀನಿ, ತಪ್ಪು ತಿಳೀಬ್ಯಾಡ್ರಿ.

ಏಪ್ರಿಲ್ 17ಕ್ಕೆ ನಮ್ಮಲ್ಲಿ ಲೋಕಸಭಾ ಉಪಚುನಾವಣೆ ಇತ್ತು. ಆ ಸಭೆಗಳಲ್ಲಿ ಎಷ್ಟು ಜನ ಸೇರಿದ್ದರು ಅಂತ ನಾವು ಕಣ್ಣಾರೆ ನೋಡಿದ್ದೇವೆ. ಜನ ಆರಿಸಿದವರು ಅಂತ ಎಲ್ಲರೂ ಜನರ ಜೀವ ನೋಡುತ್ತಾರೆ ಅನ್ನುವ ಭರವಸೆ ನನಗಿಲ್ಲ. ಊರಿನ ದೊಡ್ಡ ಅಂಗಡಿಯವನು ಸದಸ್ಯನ ಸಂಬಂಧಿಕ ಆಗಿರುತ್ತಾನೆ, ಕಲ್ಯಾಣ ಮಂಟಪ ಅಧ್ಯಕ್ಷನದೇ ಇರುತ್ತದೆ. "ನಮ್ಮ ಊರಾಗ ಏನೂ ಇಲ್ಲ" ಅಂತ ಬರೆದು ಕೊಟ್ಟು ಎಲ್ಲ ತೆಗೆಸುತ್ತಾರೆ. ಹೊರಗಿನಿಂದ ಬಂದ ಅಧಿಕಾರಿಗೆ ಆ ಮುಲಾಜು ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹತ್ತಕ್ಕಿಂತ ಹೆಚ್ಚು ತಾಲ್ಲೂಕು ಇವೆ, ಒಂದೇ ನಿಯಮ ಎಲ್ಲಾ ಕಡೆ ಹೊಂದುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕಡಿವಾಣ ಮೇಲಿರಬೇಕ್ರಿ.

ಕೋಟೆ_ಪಂಚಾಯ್ತಿ
22 ಜೂನ್, ಸಂಜೆ 6:15

ಅಣ್ಣ, ನೀವು ಹೇಳಿದ್ದು ನಡೆಯುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ನನಗೂ ಒತ್ತಡ ಬಂದಿದೆ, ನಮ್ಮ ಸ್ವಂತ ಚಿಕ್ಕಪ್ಪನ ಮಗನ ಮದುವೆಗೆ ನಾನೇ ಹೋಗಿ ಪೆಂಡಾಲ್ ಬಿಚ್ಚಿಸಬೇಕಾಯಿತು. ಎರಡು ತಿಂಗಳಾಯಿತು, ಚಿಕ್ಕಪ್ಪ ಇನ್ನೂ ಮಾತಾಡಿಸಿಲ್ಲ. ಅದಕ್ಕೇ ಹೇಳುವುದು, ತೀರ್ಮಾನ ಸದಸ್ಯನ ಬಾಯಿಮಾತಿನ ಮೇಲೆ ಬೇಡ. ಗೆರೆಯನ್ನು ರಾಜ್ಯ ಹಾಕಲಿ. ಎಷ್ಟು ದಿನ ಹೊಸ ಪ್ರಕರಣ ಇಲ್ಲದಿದ್ದರೆ, ಎಷ್ಟು ಟೆಸ್ಟ್ ಆಗಿದ್ದರೆ ತೆರೆಯಬಹುದು ಅಂತ. ಆ ಗೆರೆಯ ಒಳಗೆ ಬಂದಿದೆಯಾ ಅಂತ ಆಶಾ ಪುಸ್ತಕ ನೋಡಿ ಪಂಚಾಯ್ತಿ ಬರೆದು ಕೊಡಲಿ, ವಾರಕ್ಕೊಂದು ಸಲ ಪಂಚಾಯ್ತಿ ಬೋರ್ಡಿನಲ್ಲಿ ಹಾಕಲಿ. ಸುಳ್ಳು ಬರೆದರೆ ಊರಿನವರಿಗೇ ಗೊತ್ತಾಗುತ್ತದೆ.

ಬೆಳಗಾವಿ_ಕಡೆಯವ
22 ಜೂನ್, ರಾತ್ರಿ 7:40

ಬೋರ್ಡಿನ ಮ್ಯಾಲೆ ಬರೀತೀರಿ ಅಂದ್ರ ಒಪ್ಪಿದೆ.

ಸೂಜಿದಾರ_ಮೈಸೂರು
23 ಜೂನ್, ಬೆಳಿಗ್ಗೆ 11:00

ಎರಡು ದಿನ ಎಲ್ಲರದ್ದನ್ನೂ ಓದಿ, ನಮ್ಮ ಬೀದಿಯ ಅಂಗಡಿಯವರ ಜೊತೆ ಫೋನಿನಲ್ಲಿ ಮಾತಾಡಿ, ನಮ್ಮ ಕಾರ್ಪೊರೇಟರಿಗೂ ಡಿಸಿ ಕಚೇರಿಗೂ ಕೊಡುವುದಕ್ಕೆ ಒಂದು ಮನವಿ ಬರೆಯುತ್ತಿದ್ದೇನೆ. ಏನು ಬರೆದಿದ್ದೇನೆ ಅಂತ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಜಿಲ್ಲೆಗೆ ಒಂದೇ ಶೇಕಡಾ ಬೇಡ, ನಗರದಲ್ಲಿ ವಾರ್ಡಿಗೆ, ಹಳ್ಳಿಯಲ್ಲಿ ಪಂಚಾಯ್ತಿಗೆ ಲೆಕ್ಕ ಇಡಿ, ಎಷ್ಟು ಟೆಸ್ಟ್ ಮಾಡಿದಿರಿ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಿರಿ ಅಂತ ಮೊದಲು ಕೇಳಿದ್ದೇನೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ 14 ದಿನ ಇರಲಿ, ಆ 14 ದಿನದ ಕೊನೆಗೆ ಏನು ನೋಡಿ ಮುಂದಿನದನ್ನು ತೀರ್ಮಾನಿಸುತ್ತೀರಿ ಅಂತ ಮೊದಲೇ ತಿಳಿಸಿ. ಪಕ್ಕದ ಜಿಲ್ಲೆಯ ಊರಿನ ಜೊತೆ ಮಾತಾಡಿ. ಕೆಲಸದ ಜಾಗ ತೆರೆದ ದಿನವೇ ಬಸ್ಸೂ ಇರಲಿ, ಇದನ್ನು ಪೀಣ್ಯದ ತಂಗಿಯ ಮಾತಿನಲ್ಲೇ ಬರೆದಿದ್ದೇನೆ.

ಆಮೇಲೆ ಅಂಗಡಿಗಳ ವಿಷಯ. ಅಗತ್ಯ, ಅನಗತ್ಯ ಅಂತ ಎರಡೇ ಭಾಗ ಮಾಡುತ್ತಾರೆ. ಹೊಲಿಗೆ, ಗಡಿಯಾರ ರಿಪೇರಿ, ಪಂಕ್ಚರ್, ಇವುಗಳಲ್ಲಿ ಒಂದು ಹೊತ್ತಿಗೆ ಒಬ್ಬರೇ ಗಿರಾಕಿ ಇರುತ್ತಾರೆ. ಬಾಗಿಲು ರಸ್ತೆಗೇ ತೆರೆದಿರುತ್ತದೆ, ಎಸಿ ಇಲ್ಲ. ತರಕಾರಿ ಅಂಗಡಿ ಮುಂದೆ ಬೆಳಿಗ್ಗೆ ನಾಲ್ಕು ಗಂಟೆಯ ಅವಧಿಯಲ್ಲಿ ಇಡೀ ಬಡಾವಣೆ ಸೇರುತ್ತದೆ. ಅಪಾಯ ಎಲ್ಲಿ ಜಾಸ್ತಿ ಅಂತ ನೋಡಿ ಭಾಗ ಮಾಡಿ. ಅಂಗಡಿ ಸಮಯ ಕಡಿಮೆ ಮಾಡಿದಷ್ಟೂ ಜನ ಒಟ್ಟಿಗೇ ಮುಗಿಬೀಳುತ್ತಾರೆ ಅನ್ನುವುದನ್ನು ಎರಡು ವರ್ಷದಿಂದ ನೋಡುತ್ತಿದ್ದೇವೆ.

ನನಗೇ ಹೊಳೆದ ಇನ್ನೊಂದು ಮಾತು. ಪ್ರತಿ ಟೈಲರ್ ಹತ್ತಿರ ಅಳತೆ ಪುಸ್ತಕ ಇರುತ್ತದೆ. ಹೆಸರು, ಫೋನ್ ನಂಬರು, ಯಾವ ದಿನ ಬಂದರು, ಯಾವ ದಿನ ಮತ್ತೆ ಬರುತ್ತಾರೆ. ನನ್ನ ಅಂಗಡಿಗೆ ಬಂದ ಯಾರಿಗಾದರೂ ಪಾಸಿಟಿವ್ ಬಂದರೆ ಆ ವಾರ ಬಂದ ಎಲ್ಲರಿಗೂ ಅರ್ಧ ಗಂಟೆಯಲ್ಲಿ ಫೋನ್ ಮಾಡಬಲ್ಲೆ. ನಮ್ಮನ್ನು ಬಳಸಿಕೊಳ್ಳಿ ಅಂತ ಕೇಳಿದ್ದೇನೆ.

ಆಸ್ಪತ್ರೆ_ಡ್ಯೂಟಿ
23 ಜೂನ್, ಮಧ್ಯಾಹ್ನ 2:20

ಅಕ್ಕ, ಅಳತೆ ಪುಸ್ತಕದ ಮಾತು ಓದಿ ಕಣ್ಣು ತುಂಬಿತು. ಇನ್ನೊಂದು ಸಾಲು ಸೇರಿಸಿ. ಮೊನ್ನೆ 21ರಿಂದ 18 ದಾಟಿದವರಿಗೆಲ್ಲ ಉಚಿತ ಲಸಿಕೆ ಶುರುವಾಗಿದೆ. ಮೊದಲು ತೆರೆಯುವ ಅಂಗಡಿಗಳ ಕೆಲಸದವರಿಗೆ ತೆರೆಯುವ ಮುಂಚೆಯೇ, ವಾರ್ಡಿನಲ್ಲೇ, ಮೊದಲ ಡೋಸ್ ಕೊಡಿ ಅಂತ. ಅಳತೆ ತೆಗೆಯುವಾಗ ಅಂತರ ಸಾಧ್ಯವಿಲ್ಲ, ಇಬ್ಬರ ಮಾಸ್ಕೂ ಮೂಗಿನ ಮೇಲೇ ಇರಲಿ. ಆಗುವುದಾದರೆ ಗಿರಾಕಿಯ ಹಳೇ ಬ್ಲೌಸನ್ನೇ ಅಳತೆಗೆ ತರಿಸಿಕೊಳ್ಳಿ.

ಲೆಕ್ಕದ_ಮೇಷ್ಟ್ರು
23 ಜೂನ್, ಸಂಜೆ 5:00

ಆದೇಶದ ಭಾಷೆ ಬಗ್ಗೆಯೂ ಬರೆಯಿರಿ. ಶನಿವಾರ ಸಂಜೆ ಟಿವಿಯಲ್ಲಿ ಹೇಳುತ್ತಾರೆ, ಆದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಸೋಮವಾರದಿಂದ ಜಾರಿ. ನಡುವೆ ವಾಟ್ಸಾಪಿನಲ್ಲಿ ಮೂರು ಥರದ ಕನ್ನಡ ಪಟ್ಟಿ. ಬೀಟ್ ಪೊಲೀಸಿನವರ ಹತ್ತಿರ ನಾಲ್ಕನೆಯದು. ಸಣ್ಣ ಅಂಗಡಿಯವನು ಏಟು ತಿನ್ನುವುದು ಅಲ್ಲಿಯೇ. ಮೂರು ದಿನ ಮುಂಚೆ, ಕನ್ನಡದಲ್ಲಿ, ಒಂದೇ ಹಾಳೆ, ಕೆಳಗೆ ಫೋನ್ ಎತ್ತುವ ಒಂದು ನಂಬರು.

ಸೂಜಿದಾರ_ಮೈಸೂರು
5 ಜುಲೈ, ರಾತ್ರಿ 9:10

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಮನವಿಗೆ ನಮ್ಮ ಬೀದಿಯ 34 ಅಂಗಡಿಯವರು ಸಹಿ ಹಾಕಿದರು. ಕಾರ್ಪೊರೇಟರ್ ಓದಿದರು, ಡಿಸಿ ಕಚೇರಿಯಲ್ಲಿ ಸೀಲ್ ಹಾಕಿ ಕೊಟ್ಟರು. ಉತ್ತರ ಬಂದಿಲ್ಲ. ಅಷ್ಟರಲ್ಲಿ ಮೊನ್ನೆ ಶನಿವಾರ ಸಂಜೆ ಮತ್ತೆ ಟಿವಿಯಲ್ಲಿ ಬಂತು, ಇವತ್ತು ಸೋಮವಾರದಿಂದ ಜಾರಿ. ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ಮಾತ್ರ ಕರ್ಫ್ಯೂ, ವಾರಾಂತ್ಯದ್ದು ಇಲ್ಲ, ಮಾಲು, ದೇವಸ್ಥಾನ ಎಲ್ಲ ತೆರೆಯುತ್ತವೆ, ಬಸ್ಸಿನಲ್ಲಿ ಪೂರ್ತಿ ಸೀಟು, ಮದುವೆಗೆ 100 ಜನ. ಸಣ್ಣ ಅಂಗಡಿಗೆ ಎರಡು ವಾರ ಮೊದಲು, ಮಾಲಿಗೆ ಆಮೇಲೆ ಅಂತ ನಾವು ಕೇಳಿದ್ದೆವು. ಎಲ್ಲಕ್ಕೂ ಒಂದೇ ದಿನ ಬಾಗಿಲು ತೆರೆಯಿತು. ಸಂತೋಷವೂ ಇದೆ, ಹೆದರಿಕೆಯೂ ಇದೆ.

ಬೆಳಿಗ್ಗೆ ಏಳಕ್ಕೇ ಹೋಗಿ ಷಟರ್ ಎತ್ತಿದೆ. ಮಷಿನ್ ಬೆಲ್ಟ್ ಬಿಗಿದುಕೊಂಡಿತ್ತು, ಎಣ್ಣೆ ಬಿಟ್ಟು ಒಂದು ಗಂಟೆ ತಿರುಗಿಸಿದ ಮೇಲೆ ಸರಿಯಾಯಿತು. ಹುಡುಗಿಯರಿಬ್ಬರಿಗೂ ಮೊದಲ ಡೋಸ್ ಆಗಿದೆ, ಅದಕ್ಕಾದರೂ ವಾರ್ಡಿನಲ್ಲಿ ಓಡಾಡಿದ್ದು ಸಾರ್ಥಕ. ಬಾಗಿಲಿಗೆ ಅಡ್ಡ ಬೆಂಚು ಇಟ್ಟಿದ್ದೇನೆ, ಒಳಗೆ ಒಬ್ಬರೇ. ಅಳತೆ ಪುಸ್ತಕದಲ್ಲಿ ಹೊಸ ಪುಟ ಶುರು ಮಾಡಿ ಮೇಲೆ ತಾರೀಖು ಬರೆದೆ. ಏಪ್ರಿಲ್ ಪುಟದಲ್ಲಿ ಇದ್ದ ಒಂದು ಬ್ಲೌಸ್ ತೆಗೆದುಕೊಂಡು ಹೋಗುವುದಕ್ಕೆ ಯಾರೂ ಬರುವುದಿಲ್ಲ. ಅದನ್ನು ಅವರ ಮಗಳಿಗೆ ಕೊಟ್ಟು ಬಂದೆ.

ಕೋಟೆ_ಪಂಚಾಯ್ತಿ
5 ಜುಲೈ, ರಾತ್ರಿ 9:45

ಅಕ್ಕ, ಒಳ್ಳೆಯದಾಗಲಿ. ಜಿಲ್ಲೆಯಿಂದ ಉತ್ತರ ಬರದಿದ್ದರೂ ನಾವು ಇಲ್ಲಿ ಬೋರ್ಡ್ ಶುರು ಮಾಡಿದ್ದೇವೆ. ಪಂಚಾಯ್ತಿ ಕಚೇರಿ ಗೋಡೆಗೆ ಕಪ್ಪು ಬಣ್ಣ ಹೊಡೆದು, ಪ್ರತಿ ಸೋಮವಾರ ಹಳ್ಳಿವಾರು ಹೊಸ ಜ್ವರ, ಟೆಸ್ಟ್, ಲಸಿಕೆ ಬರೆಯುತ್ತೇವೆ. ಇವತ್ತು ಎರಡನೇ ಸೋಮವಾರ. ಸಂತೆಗೆ ಬಂದವರು ನಿಂತು ಓದುತ್ತಾರೆ, ತಮ್ಮ ಹಳ್ಳಿಯ ಸಾಲು ತಪ್ಪಾಗಿದ್ದರೆ ಒಳಗೆ ಬಂದು ಹೇಳುತ್ತಾರೆ.

ಆಸ್ಪತ್ರೆ_ಡ್ಯೂಟಿ
6 ಜುಲೈ, ಬೆಳಿಗ್ಗೆ 7:05

19ನೇ ತಾರೀಖಿನವರೆಗೂ ಆ ಬೆಂಚು ತೆಗೆಯಬೇಡಿ ಅಕ್ಕ. ಆಸ್ಪತ್ರೆ ವಾರ್ಡಿನಲ್ಲಿ ಏನಾದರೂ ಬದಲಾವಣೆ ಕಂಡರೆ ಇಲ್ಲಿಯೇ ಬರೆಯುತ್ತೇನೆ. ನನ್ನ ಹತ್ತಿರ ಎರಡು ಬ್ಲೌಸ್ ಪೀಸ್ ಇವೆ, ಅಮ್ಮ ಈಗ ಮಷಿನ್ ತುಳಿಯುವುದಿಲ್ಲ. ಅಳತೆಗೆ ಹಳೆಯದೊಂದನ್ನು ಇಟ್ಟು, ನಾಳೆ ಡ್ಯೂಟಿ ಮುಗಿಸಿ ಬರುವಾಗ ಬಾಗಿಲಲ್ಲೇ ಕೊಟ್ಟು ಹೋಗುತ್ತೇನೆ.